ನೆಲ ಅಳೆದು ತಂದ ಮೂವತ್ತಮೂರು ಕಟ್ಟು

ಗೋವೆಯ ಫೋಂಡಾ ಊರಿನ ಹೊರವಲಯದಲ್ಲಿರುವ ನಮ್ಮ ಮನೆಗೆ ಕಳೆದ ವರ್ಷದ ಏಪ್ರಿಲ್ ತನಕ ಮಂಗಳೂರು ಹಂಚಿನ ಮಾಡೇ ಇತ್ತು. ಕುಮಟಾದಲ್ಲಿ ಹಂಚಿನ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಅದನ್ನು ತೆಗೆಸುವ ಮನಸ್ಸಿರಲಿಲ್ಲ. ಆದರೆ ಮುಸಿಯಗಳ ಹಿಂಡು ಹಿತ್ತಿಲ ಮಾವಿನ ಮರದಿಂದ ಮಾಡಿಗೆ ಹಾರಿ, ಅಲ್ಲಿಂದ ಪಕ್ಕದ ಮನೆಯ ತೆಂಗಿಗೆ ಹಾರುವುದನ್ನು ದಿನಚರಿ ಮಾಡಿಕೊಂಡ ಮೇಲೆ, ವರ್ಷಕ್ಕೆ ಐವತ್ತು ಅರವತ್ತು ಹಂಚು ಬದಲಿಸುವುದು ನಮಗೂ ದಿನಚರಿಯಾಯಿತು. ಹಂಚು ಹೊತ್ತ ಮರದ ಪಕ್ಕಾಸುಗಳಿಗೆ ಒರಲೆ ಹಿಡಿದಿರುವುದು ಗೊತ್ತಾದಾಗ ಬೇರೆ ದಾರಿ ಉಳಿಯಲಿಲ್ಲ. ಮರವನ್ನೆಲ್ಲ ಇಳಿಸಿ, ಹಳೆಯ ಆಕಾರದಲ್ಲೇ ಕಬ್ಬಿಣದ ಪೈಪುಗಳ ಚೌಕಟ್ಟು ಕೂಡಿಸಿ, ಅದರ ಮೇಲೆ 18 ಮಿ.ಮೀ. ಮರೈನ್ ಪ್ಲೈವುಡ್ ಹೊದಿಸಿ, ಪ್ಲೈವುಡ್ಡಿನ ಮೇಲೆ ಡಾಂಬರಿನ ಶಿಂಗಲ್ಸ್ ಹಾಸುವುದೆಂದು ತೀರ್ಮಾನಿಸಿದೆವು. ಈ ಬರಹ ಆ ಶಿಂಗಲ್ಸ್ ಎಷ್ಟು ಬೇಕಾಗುತ್ತದೆ ಎಂಬ ಒಂದೇ ಲೆಕ್ಕದ ಕುರಿತಾದದ್ದು. ಕುಂಡೈಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕಪತ್ರ ಬರೆದವನು ನಾನು. ಆ ಲೆಕ್ಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪಿದೆ.

ಶಿಂಗಲ್ಸ್ ನೋಡದವರಿಗಾಗಿ ಒಂದೆರಡು ಮಾತು. ನಾವು ತಂದದ್ದು ಒಂದು ಮೀಟರ್ ಉದ್ದ, ಒಂದಡಿಗಿಂತ ಸ್ವಲ್ಪ ಹೆಚ್ಚು ಅಗಲದ ಪಟ್ಟಿಗಳು. ನಾರಿನ ಹಾಳೆಗೆ ಡಾಂಬರು ಕುಡಿಸಿ, ಮೇಲ್ಮೈಗೆ ಬಣ್ಣದ ಕಲ್ಲಿನ ಹರಳು ಅಂಟಿಸಿರುತ್ತಾರೆ. ಪಟ್ಟಿಯ ಕೆಳ ಅಂಚನ್ನು ಎರಡು ಕಡೆ ಸೀಳಿ ಮೂರು ಎಸಳು ಮಾಡಿರುತ್ತಾರೆ. ಹಂಚಿನ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಹಾಸುತ್ತ ಹೋದಾಗ, ಪ್ರತಿ ಸಾಲೂ ತನ್ನ ಕೆಳಗಿನ ಸಾಲಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿ, ಕೊನೆಗೆ ಕಣ್ಣಿಗೆ ಕಾಣುವುದು 143 ಮಿ.ಮೀ. ಮಾತ್ರ. ಒಂದು ಕಟ್ಟಿನಲ್ಲಿ 21 ಪಟ್ಟಿ. ಹಾಸಿದ ಮೇಲೆ ಅವು ಮುಚ್ಚುವ ಜಾಗ 3 ಚದರ ಮೀಟರ್, ನಮ್ಮ ರೂಢಿಯ ಅಳತೆಯಲ್ಲಿ 32.3 ಚದರಡಿ. ಈ ಸಂಖ್ಯೆಗಳೆಲ್ಲ ಕಟ್ಟಿನ ಹೊದಿಕೆಯ ಮೇಲೆಯೇ ಅಚ್ಚಾಗಿದ್ದವು. ತಪ್ಪಿದ್ದು ಇಲ್ಲಿ ಅಲ್ಲ.

ಮಡಗಾಂವಿನ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಮನೆ ಎಷ್ಟು ಚದರಡಿ ಎಂಬುದು. ಗೋಡೆಯಿಂದ ಗೋಡೆಗೆ ಮನೆ 36 ಅಡಿ ಉದ್ದ, 26 ಅಡಿ ಅಗಲ. ಅಲ್ಲಿಗೆ 936 ಚದರಡಿ. ಎದುರಿನ ಪೋರ್ಟಿಕೋ 10 ಅಡಿಗೆ 8 ಅಡಿ, 80 ಚದರಡಿ. ಒಟ್ಟು 1,016. ನೂರಕ್ಕೆ ಐದರಷ್ಟು ಹೆಚ್ಚು ಹಿಡಿದು ಅಂಗಡಿಯವರು 33 ಕಟ್ಟು ಎಂದರು. ನಾನೂ ಮೊಬೈಲಿನಲ್ಲಿ ಭಾಗಿಸಿ ನೋಡಿ, 33 ಬಂದದ್ದಕ್ಕೆ ಸಮಾಧಾನಪಟ್ಟು ಹಣ ಕೊಟ್ಟುಬಂದೆ. ಹಿಂದಿನ ವಾರವಷ್ಟೇ 8 ಅಡಿಗೆ 4 ಅಡಿಯ 50 ಪ್ಲೈವುಡ್ ಹಾಳೆಗಳ ಬಿಲ್ಲನ್ನು ನಾನೇ ಪಾವತಿಸಿದ್ದೆ. ಐವತ್ತು ಹಾಳೆಯೆಂದರೆ 1,600 ಚದರಡಿ. ಯಾವ ಮಾಡಿಗೆ 1,600 ಚದರಡಿ ಪ್ಲೈವುಡ್ ಬೇಕಾಯಿತೋ ಅದೇ ಮಾಡಿಗೆ ಸಾವಿರದ ಚಿಲ್ಲರೆ ಚದರಡಿಯ ಶಿಂಗಲ್ಸ್ ಹೇಗೆ ಸಾಕಾಗುತ್ತದೆಂಬ ಪ್ರಶ್ನೆ, ಎರಡೂ ಬಿಲ್ಲುಗಳನ್ನು ಒಂದೇ ಕಡತಕ್ಕೆ ಸೇರಿಸುವಾಗಲೂ ನನಗೆ ಹೊಳೆಯಲಿಲ್ಲ. ಚೌಕಟ್ಟು ಮಾಡಿದವರು ಚೌಕಟ್ಟನ್ನೇ ಅಳೆದು ಹಾಳೆ ತರಿಸಿದ್ದರು.

ಹಾಸುವ ಕೆಲಸ ಹಿಡಿದ ಮೇಸ್ತ್ರಿ ಗದಗ ಕಡೆಯವರು. ಮಾಳಿಗೆ ಮನೆಗಳ ಸೀಮೆಯಿಂದ ಬಂದು, ಇಳಿಜಾರು ಮಾಡಿನ ಕೆಲಸವನ್ನು ಗೋವೆಯಲ್ಲೇ ಕಲಿತವರು. ಮೊದಲ ದಿನ ಬೆಳಿಗ್ಗೆ ಅಂಗಳದಲ್ಲಿ ಪೇರಿಸಿದ್ದ ಕಟ್ಟುಗಳನ್ನು ಕಣ್ಣಲ್ಲೇ ಎಣಿಸಿ, “ಉಳದ ಮಾಲು ಯಾವಾಗ ಬರ್ತೈತ್ರಿ ಸರ?” ಎಂದು ಕೇಳಿದರು. ಇಷ್ಟೇ ಎಂದೆ. ಅವರು ನಗಲಿಲ್ಲ. ಏಣಿ ಹತ್ತಿ, ಹಿಂಬದಿಯ ಇಳಿಜಾರಿನಲ್ಲಿ ಸೂರಿನಿಂದ ನೆತ್ತಿಯವರೆಗೆ ಟೇಪು ಹಿಡಿದು, ಪೆನ್ಸಿಲಿನಿಂದ ಪ್ಲೈವುಡ್ಡಿನ ಮೇಲೆಯೇ ಏನನ್ನೋ ಬರೆದುಕೊಂಡು ಇಳಿದುಬಂದು ಹೇಳಿದರು: “ಹಿಂದಿನ ಬಾಜೂಕ ಹದಿಮೂರು ಹೋಕ್ಕಾವ. ಎರಡೂ ಮಗ್ಗಲಕ ಎಂಟೆಂಟು. ಇಪ್ಪತ್ತೊಂಬತ್ತು ಆದುವು. ಮುಂದಿನ ಬಾಜೂಕ ಏನ್ ಹಾಸೂದ್ರಿ? ನೀವು ನೆಲಾ ಅಳದೀರಿ, ಛತ್ತ ಅಳದಿಲ್ಲ.”

ಲೆಕ್ಕದವನಿಗೆ ಲೆಕ್ಕ ತಪ್ಪಿದೆಯೆಂದರೆ ಆಗುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಅವರು ಹೇಳಿದ 13 ಎಲ್ಲಿಂದ ಬಂತು ಎಂದು ತಿಳಿಯುವ ತನಕ ನಾನು ಕೆಲಸ ಸುರುಮಾಡಲು ಬಿಡಲಿಲ್ಲ. ಏಣಿ ಹತ್ತಿ ಪೆನ್ಸಿಲಿನ ಬರಹವನ್ನು ಓದಿದೆ. ಸೂರಿನಿಂದ ನೆತ್ತಿಗೆ ಇಳಿಜಾರಿನ ಉದ್ದ 16 ಅಡಿ 9 ಅಂಗುಲ, ಅಂದರೆ 5.11 ಮೀಟರ್. ಅದನ್ನು 143 ಮಿ.ಮೀ.ನಿಂದ ಭಾಗಿಸಿದರೆ 36 ಸಾಲು. ತೀರ ಕೆಳಗಿನ ಸಾಲು 40 ಅಡಿ ಉದ್ದ. ತೀರ ಮೇಲಿನದು, ನೆತ್ತಿಯಷ್ಟೇ, 10 ಅಡಿ. ಎರಡರ ನಡುವಿನ ಸರಾಸರಿ 25 ಅಡಿ, ಎಂದರೆ 7.62 ಮೀಟರ್, ಎಂದರೆ ಸಾಲಿಗೆ ಏಳೂವರೆಗಿಂತ ತುಸು ಹೆಚ್ಚು ಪಟ್ಟಿ. ಮೂವತ್ತಾರು ಸಾಲಿಗೆ 274 ಪಟ್ಟಿ. ಕಟ್ಟಿಗೆ 21ರಂತೆ 13 ಕಟ್ಟು. ಚದರಡಿಯ ಮಾತೇ ಇಲ್ಲದ ಈ ಎಣಿಕೆ ನನಗೆ ತೀರ ಹೊಸದಾಗಿರಲಿಲ್ಲ. ಕುಮಟಾದ ಮನೆಗೆ ಹಂಚು ತರಿಸುವಾಗ ನಮ್ಮ ತಂದೆ ಮಾಡುತ್ತಿದ್ದದ್ದೂ ಇದನ್ನೇ: ಹಂಚು ಕೂರುವ ರೀಪು ಎಷ್ಟು ಸಾಲು, ಸಾಲಿಗೆ ಹಂಚು ಎಷ್ಟು. ಹಂಚು ನೋಡಿ ಬೆಳೆದವನು ಶಿಂಗಲ್ಸ್ ಬಂದಾಗ ಆ ಬುದ್ಧಿಯನ್ನು ಎಲ್ಲಿ ಇಟ್ಟಿದ್ದೆನೋ.

ಆ ಬೆಳಗನ್ನು ನಾವಿಬ್ಬರೂ ಅಳತೆಗೇ ಕೊಟ್ಟೆವು. ಮೊದಲಿಗೆ ನಾನು ಬಿಟ್ಟದ್ದು ಸೂರು. ಗೋವೆಯ ಮಳೆಗೆ ಗೋಡೆ ನೆನೆಯದಿರಲೆಂದು ಮಾಡನ್ನು ನಾಲ್ಕೂ ಕಡೆ ಗೋಡೆಯಿಂದ ಎರಡೆರಡು ಅಡಿ ಹೊರಕ್ಕೆ ಚಾಚಿದ್ದೇವೆ. ಆದ್ದರಿಂದ ಮಾಡಿನ ಅಡಿಯ ಅಳತೆ 36ಕ್ಕೆ 26 ಅಲ್ಲ, 40ಕ್ಕೆ 30. ಎರಡಡಿ ಎಂದರೆ ಏನು ಮಹಾ ಎನ್ನಿಸುತ್ತದೆ. ಆದರೆ 936 ಹೋಗಿ 1,200 ಆಯಿತು. ಪೋರ್ಟಿಕೋದ್ದೂ ಹಾಗೆಯೇ, ಸೂರು ಸೇರಿ 12 ಅಡಿ ಅಗಲ. ಮನೆಯ ಸೂರಿನಿಂದ ಮುಂದಕ್ಕೆ 8 ಅಡಿ ಚಾಚಿದ ಭಾಗ 96 ಚದರಡಿ. ಒಟ್ಟು 1,296. ಇಳಿಜಾರಿನ ಮಾತು ಬರುವ ಮೊದಲೇ ನಾನು 280 ಚದರಡಿ ಕಡಿಮೆ ಹಿಡಿದಿದ್ದೆ.

ಮೇಸ್ತ್ರಿಗಳು ಇಳಿಜಾರಿಗೆ ವಾಟ ಎನ್ನುತ್ತಾರೆ. ಅದನ್ನು ಅಳೆಯಲು ಅವರು ರಸಮಟ್ಟದ ಒಂದು ತುದಿಯನ್ನು ಪ್ಲೈವುಡ್ಡಿಗೆ ತಾಗಿಸಿ, ಗುಳ್ಳೆ ನಡುಗೆರೆಗೆ ಬರುವ ತನಕ ಇನ್ನೊಂದು ತುದಿಯನ್ನು ಎತ್ತಿ ಹಿಡಿದರು. ತಾಗಿದ ತುದಿಯಿಂದ ರಸಮಟ್ಟದ ಮೇಲೆ ಸರಿಯಾಗಿ 12 ಅಂಗುಲ ಎಣಿಸಿ, ಅಲ್ಲಿಂದ ನೇರ ಕೆಳಕ್ಕೆ ಪ್ಲೈವುಡ್ಡಿನವರೆಗೆ ನಾನು ಟೇಪು ಬಿಟ್ಟೆ. ಆರು ಅಂಗುಲ. ಹನ್ನೆರಡಕ್ಕೆ ಆರು. ಮುಂದಿನದು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ: 12ರ ವರ್ಗ 144, 6ರ ವರ್ಗ 36, ಕೂಡಿದರೆ 180, ಅದರ ವರ್ಗಮೂಲ 13.416, ಅದನ್ನು 12ರಿಂದ ಭಾಗಿಸಿದರೆ 1.118. ನೆಲದ ಮೇಲಿನ ಪ್ರತಿ 100 ಚದರಡಿಗೆ ಇಂಥ ಮಾಡಿನಲ್ಲಿ 111.8 ಚದರಡಿ ಮುಚ್ಚಬೇಕು. ವಾಟ 12ಕ್ಕೆ 4 ಆಗಿದ್ದರೆ ಗುಣಕ 1.054, 8 ಆಗಿದ್ದರೆ 1.202, ಹನ್ನೆರಡಕ್ಕೆ ಹನ್ನೆರಡೇ ಆಗಿದ್ದರೆ 1.414. ತೀರ ಸಪಾಟಾದ ಮಾಡಿನಲ್ಲಿ ನೀರು ಹಿಂದಕ್ಕೆ ನುಗ್ಗುವುದರಿಂದ 12ಕ್ಕೆ 2ಕ್ಕಿಂತ ಕಡಿಮೆ ವಾಟವಿರುವಲ್ಲಿ ಶಿಂಗಲ್ಸ್ ಹಾಸಬಾರದೆಂಬುದನ್ನೂ ಆ ದಿನವೇ ತಿಳಿದುಕೊಂಡೆ. ನಮಗೆ ಬೇಕಾದ ಉತ್ತರ 1,296ನ್ನು 1.118ರಿಂದ ಗುಣಿಸಿದರೆ ಬರುವ 1,449 ಚದರಡಿ, ಎಂದರೆ 134.6 ಚದರ ಮೀಟರ್.

ಇಲ್ಲಿ ನನಗೊಂದು ಸಂಶಯ ಕಾಡಿತು. ನಮ್ಮದು ನಾಲ್ಕು ಕಡೆ ಇಳಿಯುವ ಮಾಡು. ಹಿಂದೆ ಮುಂದೆ ಎರಡು ದೊಡ್ಡ ಇಳಿಜಾರು, ಎರಡು ಮಗ್ಗುಲಲ್ಲಿ ತ್ರಿಕೋನಗಳು. ಎರಡೇ ಕಡೆ ಇಳಿಯುವ ಸರಳ ಮಾಡಿಗೂ ಇದಕ್ಕೂ ಒಂದೇ ಗುಣಕ ಸಲ್ಲುತ್ತದೆಯೇ? ಪರೀಕ್ಷಿಸಲೆಂದು ಪ್ರತಿ ಮುಖವನ್ನೂ ಬೇರೆಬೇರೆ ಅಳೆದೆ. ಹಿಂದಿನದು 419, ಮುಂದಿನದು 419, ಮಗ್ಗುಲಿನವು ತಲಾ 252. ಕೂಡಿದಾಗ 1,342; ಅತ್ತ 1,200ನ್ನು 1.118ರಿಂದ ಗುಣಿಸಿದರೂ 1,342. ನೆತ್ತಿಯ ಮೇಲೆ ಸೂರ್ಯ ನಿಂತಾಗ ಮಾಡಿನ ನೆರಳು ನೆಲದಲ್ಲಿ 40ಕ್ಕೆ 30ರ ಒಂದೇ ಆಯತವಾಗಿ ಬೀಳುತ್ತದೆ. ಎಲ್ಲ ಮುಖಗಳ ವಾಟ ಒಂದೇ ಆಗಿದ್ದರೆ ಮಾಡನ್ನು ಎಷ್ಟು ಮುಖ ಮಾಡಿ ಮಡಚಿದರೂ ಮುಚ್ಚುವ ಜಾಗ ಬದಲಾಗುವುದಿಲ್ಲ. ಪೋರ್ಟಿಕೋದ ಮಾಡು ಹಿಂದಕ್ಕೆ ಹೋಗಿ ಮನೆಯ ಮಾಡಿನ ಮೇಲೆ ಕೂರುವ ಭಾಗವನ್ನು ಎರಡು ಸಲ ಎಣಿಸಬೇಕಾಗಿಲ್ಲವೆಂಬುದಕ್ಕೂ ಇದೇ ಕಾರಣ. ಮೇಸ್ತ್ರಿಗೆ ಇದನ್ನು ವಿವರಿಸಿದಾಗ, “ಜಾಗಾ ಅಷ್ಟ ಖರೆ, ಕಟಿಂಗ್ ಅಷ್ಟ ಅಲ್ಲರಿ” ಎಂದರು.

ಅವರ ಮಾತು ನಿಜವಾಗಿತ್ತು. 134.6ನ್ನು 3ರಿಂದ ಭಾಗಿಸಿದರೆ 45 ಕಟ್ಟು. ಬಯಲಿನಂಥ ಜಾಗಕ್ಕೆ ಮಾತ್ರ ಈ 45. ನಾನು ತಿಳಿದ ಮಟ್ಟಿಗೆ ಶಿಂಗಲ್ಸಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಮಾಡಿನ ಅಂಚುಗಳಲ್ಲಿ, ಮತ್ತು ಅಂಚುಗಳನ್ನು ಅಳೆಯುವುದು ಚದರಡಿಯಿಂದ ಅಲ್ಲ, ಉದ್ದದಿಂದ.

ಸೂರಿನ ಅಂಚನ್ನೇ ನೋಡಿ. ಮೊದಲ ಸಾಲಿನ ಎಸಳುಗಳ ನಡುವಿನ ಸೀಳಿನಲ್ಲಿ ಕೆಳಗಿನ ಪ್ಲೈವುಡ್ ಕಾಣುತ್ತದೆ. ನೀರು ಅಲ್ಲೇ ಇಳಿಯುತ್ತದೆ. ಆದ್ದರಿಂದ ಎಸಳುಗಳನ್ನು ಕತ್ತರಿಸಿ ತೆಗೆದ ಪಟ್ಟಿಗಳನ್ನು ಮೊದಲು ಸೂರಿನುದ್ದಕ್ಕೂ ಹೊಡೆದು, ಅದರ ಮೇಲೆ ಮೊದಲ ಸಾಲು ಕೂಡಿಸುತ್ತಾರೆ. ಮನೆಯ ಸುತ್ತಳತೆ 140 ಅಡಿಯಲ್ಲಿ ಪೋರ್ಟಿಕೋ ಕೂಡುವ 12 ಅಡಿ ಕಳೆದು, ಪೋರ್ಟಿಕೋದ ಎರಡು ಬದಿಯ 16 ಅಡಿ ಕೂಡಿಸಿದಾಗ 144 ಅಡಿ. ಪೋರ್ಟಿಕೋದ ಮುಂಭಾಗದಲ್ಲಿ ಓರೆಯಾಗಿ ಏರುವ ಎರಡು ಅಂಚುಗಳಿಗೂ ಹಾಗೆಯೇ ಹೊಡೆಯಬೇಕಾಗಿ, 13 ಅಡಿ ಚಿಲ್ಲರೆ. ಮೀಟರಿಗೊಂದು ಪಟ್ಟಿಯಂತೆ ಎಲ್ಲ ಸೇರಿ 48 ಪಟ್ಟಿ, ಎರಡು ಕಟ್ಟು ದಾಟಿತು.

ಇನ್ನು ನೆತ್ತಿ ಮತ್ತು ಮೂಲೆಯ ಏಣುಗಳು. ಮನೆಯ ನೆತ್ತಿ 10 ಅಡಿ, ಪೋರ್ಟಿಕೋದ ನೆತ್ತಿ ಹಿಂದಕ್ಕೆ ಸೇರುವ ಭಾಗವೂ ಕೂಡಿ 14 ಅಡಿ. ನೆತ್ತಿಯಿಂದ ನಾಲ್ಕು ಮೂಲೆಗಳಿಗೆ ಇಳಿಯುವ ಏಣುಗಳನ್ನು ನಾನು ಕಾಗದದ ಮೇಲೆ 17 ಅಡಿಯೆಂದು ಬರೆದಿದ್ದೆ. ಇಳಿಜಾರು ಹೆಚ್ಚುಕಡಿಮೆ 17 ಅಡಿಯಾದ್ದರಿಂದ ಏಣೂ ಅಷ್ಟೇ ಇರಬೇಕೆಂಬ ಊಹೆ. ಟೇಪು ಹಿಡಿದಾಗ ಒಂದೊಂದೂ ಇಪ್ಪತ್ತೆರಡೂವರೆ ಅಡಿ ಬಂತು. ಏಣು ಮೂಲೆಗೆ ಓರೆಯಾಗಿ ಇಳಿಯುತ್ತದೆ: ಅತ್ತ 15 ಅಡಿ, ಇತ್ತ 15 ಅಡಿ, ಕೆಳಕ್ಕೆ ಏಳೂವರೆ ಅಡಿ. ಮೂರರ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಸರಿಯಾಗಿ 22.5. ನಾಲ್ಕು ಏಣುಗಳಿಗೆ 90 ಅಡಿ, ಎಲ್ಲ ಸೇರಿ 114 ಅಡಿ, 34.75 ಮೀಟರ್. ಇವುಗಳ ಮೇಲೆ ಕೂರಿಸಲು ಪ್ರತಿ ಪಟ್ಟಿಯನ್ನು ಮೂರು ತುಂಡು ಮಾಡಿ, ಒಂದೊಂದು ತುಂಡನ್ನೂ ಏಣಿನ ಮೇಲೆ ಮಡಚಿ ಮೊಳೆ ಹೊಡೆಯುತ್ತಾರೆ; ತುಂಡಿಗೆ ಅದೇ 143 ಮಿ.ಮೀ. ಲೆಕ್ಕಕ್ಕೆ ಸಿಗುತ್ತದೆ. ಒಂದು ಕಟ್ಟಿನಿಂದ 63 ತುಂಡು, 9 ಮೀಟರ್ ಏಣು. ನಮಗೆ ಬೇಕಾದದ್ದು ನಾಲ್ಕು ಕಟ್ಟು. ನನ್ನ ಮೂಲ ಲೆಕ್ಕದಲ್ಲಿ ಈ ನಾಲ್ಕರ ಸುಳಿವೇ ಇರಲಿಲ್ಲ.

ಕತ್ತರಿಸಿ ಪೋಲಾಗುವುದಕ್ಕೆ ಎಷ್ಟು ಹಿಡಿಯಬೇಕೆಂಬುದು ಕೊನೆಯ ಚರ್ಚೆಯಾಯಿತು. ಎರಡು ಇಳಿಜಾರಿನ ಸರಳ ಮಾಡಿಗೆ ನೂರಕ್ಕೆ ಹತ್ತು, ಏಣು ಮತ್ತು ಒಳಮೂಲೆಗಳಿರುವ ಮಾಡಿಗೆ ಹದಿನೈದು ಎಂಬುದು ರೂಢಿ. ಪೋರ್ಟಿಕೋ ಮನೆಗೆ ಕೂಡುವಲ್ಲಿ ನಮಗೂ ಒಂಬತ್ತೊಂಬತ್ತು ಅಡಿಯ ಎರಡು ಒಳಮೂಲೆಗಳಿದ್ದವು. ಆದರೆ ಸೂರಿನ ಪಟ್ಟಿ, ಏಣಿನ ತುಂಡು ಎರಡನ್ನೂ ನಾವು ಬೇರೆಯಾಗಿ ಎಣಿಸಿದ್ದರಿಂದ ಬರೀ ಪೋಲಿಗೆ ಹತ್ತು ಸಾಕೆಂದು ಮೇಸ್ತ್ರಿ, ಹದಿನೈದೇ ಇರಲೆಂದು ನಾನು. ಒಂದು ಸಲ ಕಡಿಮೆ ತಂದು ಮುಖ ಕೆಟ್ಟವನು ಮುಂದಿನ ಸಲ ಹೆಚ್ಚು ತರುತ್ತಾನೆ. ಅವರ ಮಾತೇ ನಡೆಯಿತು. 45, ಪೋಲಿಗೆ ನಾಲ್ಕೂವರೆ, ಏಣುಗಳಿಗೆ ನಾಲ್ಕು, ಸೂರಿಗೆ ಎರಡು ಕಾಲು; ಒಟ್ಟು 56 ಕಟ್ಟು. ತಂದದ್ದು 33. ಇನ್ನೂ 23 ಬೇಕು.

ಅಮೆರಿಕದಲ್ಲಿ ಸ್ವಂತ ಮನೆಯ ಮಾಡು ಮಾಡಿಸಿದ್ದ ನನ್ನ ಸೋದರಳಿಯನಿಗೆ ಆ ಸಂಜೆ ಈ ಲೆಕ್ಕ ಒಪ್ಪಿಸಿದೆ. “ಮಾವ, ಅಷ್ಟೆಲ್ಲ ಯಾಕೆ? ಹದಿನಾಲ್ಕೂವರೆ ಸ್ಕ್ವೇರ್, ಮೂರರಿಂದ ಗುಣಿಸಿದರೆ ಮುಗಿಯಿತು” ಎಂದ. ಅಲ್ಲಿ 100 ಚದರಡಿಗೆ ಒಂದು ಸ್ಕ್ವೇರ್ ಎನ್ನುತ್ತಾರೆ, ಮೂರು ಎಸಳಿನ ಸಾಮಾನ್ಯ ಬಗೆಯಾದರೆ ಸ್ಕ್ವೇರಿಗೆ ಮೂರು ಕಟ್ಟು. ಆ ಪ್ರಕಾರ 44 ಕಟ್ಟಾಗುತ್ತದೆ, ನಮ್ಮ 45ಕ್ಕಿಂತ ಒಂದು ಕಡಿಮೆ. ವ್ಯತ್ಯಾಸದ ಕಾರಣ ಕಟ್ಟಿನಲ್ಲಿದೆ: ಅಲ್ಲಿನದು 33.3 ಚದರಡಿ ಮುಚ್ಚಿದರೆ ನಮಗೆ ಸಿಕ್ಕಿದ್ದು 32.3. ಆದ್ದರಿಂದ ಬೇರೆ ದೇಶದ ಸೂತ್ರವನ್ನು ಇಲ್ಲಿನ ಕಟ್ಟಿಗೆ ಹಚ್ಚುವ ಮೊದಲು ಹೊದಿಕೆಯ ಮೇಲಿನ ಚದರ ಮೀಟರನ್ನು ಓದಬೇಕು. ಅಲ್ಲಿಯೂ ದಪ್ಪ ಬಗೆಯ ಶಿಂಗಲ್ಸಿಗೆ ಸ್ಕ್ವೇರಿಗೆ ನಾಲ್ಕು ಕಟ್ಟು ಬೇಕಾಗುವುದುಂಟಂತೆ.

ಅಂಗಡಿಗೆ ಫೋನು ಮಾಡಿದಾಗ 23 ಕಟ್ಟು ಇದೆ, ಆದರೆ ಬೇರೆ ಲಾಟಿನದು ಎಂದರು. ಬಣ್ಣದ ಹೆಸರು ಒಂದೇ, ಇಟ್ಟಿಗೆ ಕೆಂಪು. ಬಂದಾಗ ಎರಡು ಪಟ್ಟಿಗಳನ್ನು ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲಿನದರಲ್ಲಿ ಕಂದು ಹರಳು ಹೆಚ್ಚು, ಹೊಸದರಲ್ಲಿ ಕಪ್ಪು ಹರಳು ಹೆಚ್ಚು. ಕೈಯಲ್ಲಿ ಹಿಡಿದರೆ ಗೊತ್ತಾಗುವಂತಿರಲಿಲ್ಲ. ಹತ್ತಡಿ ದೂರ ನಿಂತರೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಳೆಯ ಲಾಟನ್ನು ವಾಪಸು ಪಡೆದು ಎಲ್ಲವನ್ನೂ ಹೊಸದೇ ಕೊಡಿ ಎಂದು ಕೇಳಿದ್ದಕ್ಕೆ ಅಂಗಡಿಯವರು ಒಪ್ಪಲಿಲ್ಲ. ನೆಲದ ಅಳತೆಗೆ ತಲೆಯಾಡಿಸಿದ್ದು ತಾವೂ ಹೌದಲ್ಲ ಎಂದು ಹೇಳಿನೋಡಿದೆ. ಅಳತೆ ಕೊಟ್ಟವರು ನೀವು ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡೂ ಲಾಟಿನ ಕಟ್ಟುಗಳನ್ನು ಬೆರೆಸಿ ಹಾಸುವುದು ಒಂದು ಉಪಾಯ. ಮೇಸ್ತ್ರಿ ಇನ್ನೊಂದು ಹೇಳಿದರು: ಹಿಂಬದಿ ಮತ್ತು ಎರಡು ಮಗ್ಗುಲಿಗೆ ಹಳೆಯದು, ಮುಂಭಾಗ ಮತ್ತು ಪೋರ್ಟಿಕೋಗೆ ಹೊಸದು, ಏಣುಗಳಿಗೂ ಹೊಸದು. ಎರಡು ಬಣ್ಣ ಏಣಿನಲ್ಲಿ ಕೂಡುವುದರಿಂದ, ಬೆಳಕು ಒಂದೊಂದು ಮುಖದ ಮೇಲೆ ಒಂದೊಂದು ಬಗೆಯಾಗಿ ಬೀಳುವುದರ ಜೊತೆಗೆ ಅದೂ ಅಡಗಿಹೋಗುತ್ತದೆ ಎಂಬುದು ಅವರ ಎಣಿಕೆ. ನಾನು ಮತ್ತೆ ಕಾಗದ ಹಿಡಿದೆ. ಹಿಂಬದಿ ಮತ್ತು ಮಗ್ಗುಲುಗಳು ಸೇರಿ 85.7 ಚದರ ಮೀಟರ್, ಇಪ್ಪತ್ತೆಂಟೂವರೆ ಕಟ್ಟು. ನೂರಕ್ಕೆ ಹತ್ತು ಸೇರಿಸಿದರೆ ಮೂವತ್ತೊಂದೂವರೆಯ ಆಸುಪಾಸು. ಅಲ್ಲಿನ 100 ಅಡಿ ಸೂರಿಗೆ ಒಂದೂವರೆ. ಮೂವತ್ತಮೂರು! ತಪ್ಪು ಲೆಕ್ಕದಿಂದ ಬಂದ ಸಂಖ್ಯೆ ಮೂರು ಮುಖಗಳಿಗೆ ಹೇಳಿಮಾಡಿಸಿದಂತೆ ಹೊಂದಿತು. ಇದಕ್ಕೆ ನನ್ನ ಹೆಂಡತಿ ಆಡಿದ ಮಾತನ್ನು ಇಲ್ಲಿ ಬರೆಯುವುದು ಬೇಡ.

ಹಾಸುವ ಕೆಲಸ ಒಂಬತ್ತು ದಿನ ನಡೆಯಿತು. ಮೊದಲು ಪ್ಲೈವುಡ್ಡಿನ ಮೇಲೆ ಅಂಟುವ ಡಾಂಬರು ಹಾಳೆ, ಒಂದು ಮೀಟರ್ ಅಗಲ ಹತ್ತು ಮೀಟರ್ ಉದ್ದದ 17 ಸುರುಳಿ. ಅಂಚಿನ ಮೇಲೆ ಅಂಚು ಬರುವುದರಿಂದ ಸುರುಳಿಗೆ ಹತ್ತರ ಬದಲು 9 ಚದರ ಮೀಟರ್ ಎಂದೇ ಹಿಡಿದಿದ್ದೆವು. ಮೊಳೆ ಪಟ್ಟಿಗೆ ನಾಲ್ಕು ಸಾಮಾನ್ಯ. ಗಾಳಿಯ ಊರೆಂದು ಆರು ಹೊಡೆಸಿದೆ. ಏಪ್ರಿಲ್ ಬಿಸಿಲಿಗೆ ಹನ್ನೊಂದು ಗಂಟೆಯಾಗುವಷ್ಟರಲ್ಲಿ ಪಟ್ಟಿಗಳು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ, ಅವುಗಳ ಮೇಲೆ ಕಾಲಿಟ್ಟರೆ ಹರಳು ಕಿತ್ತು ಹಿಮ್ಮಡಿಗೆ ಅಂಟಿಕೊಳ್ಳುತ್ತಿದ್ದವು. ಹೀಗಾಗಿ ಬೆಳಿಗ್ಗೆ ಆರೂವರೆಗೆ ಸುರುಮಾಡಿ ಹನ್ನೊಂದಕ್ಕೆ ಇಳಿದು, ನಾಲ್ಕರ ಮೇಲೆ ಮತ್ತೆ ಹತ್ತುತ್ತಿದ್ದರು. ಪಟ್ಟಿಯನ್ನು ಬೆನ್ನು ಮೇಲೆ ಮಾಡಿ ಮಲಗಿಸಿ, ಕೊಕ್ಕೆಯಂಥ ಅಲಗಿನಿಂದ ಒಮ್ಮೆ ಗೀರಿ ಮುರಿಯುತ್ತಿದ್ದರು. ಎಡಮಗ್ಗುಲಿನ ಏಣಿನಲ್ಲಿ ಕತ್ತರಿಸಿ ಬಿದ್ದ ಓರೆ ತುಂಡುಗಳನ್ನು ಹುಡುಗನೊಬ್ಬ ಆಯ್ದು, ಓರೆ ಹೊಂದುವಲ್ಲಿಗೆ ಕೊಂಡೊಯ್ಯುತ್ತಿದ್ದ. ಪೋಲಿಗೆ ಹತ್ತು ಸಾಕೆಂದು ಮೇಸ್ತ್ರಿ ಹೇಳಿದ್ದರ ಹಿಂದೆ ಈ ಹುಡುಗನಿದ್ದಾನೆಂದು ಆಗ ತಿಳಿಯಿತು.

ಮೂರನೆಯ ಮುಖ ಮುಗಿದಾಗ ಹಳೆಯ ಲಾಟಿನಲ್ಲಿ ಒಂದು ಪಟ್ಟಿಯೂ ಉಳಿದಿರಲಿಲ್ಲ. ಕೊನೆಯ ಸಾಲಿಗೆ ತುಂಡುಗಳನ್ನೇ ಜೋಡಿಸಿದರು. ಎಲ್ಲ ಮುಗಿದ ಮೇಲೆ ಹೊಸದರಲ್ಲಿ ಒಂದೂವರೆ ಕಟ್ಟು ಉಳಿಯಿತು. ರಸ್ತೆಯಿಂದ ನೋಡಿದವರಿಗೆ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು, ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಆಗಸ್ಟಿನಲ್ಲಿ ಮಾವಿನ ಕೊಂಬೆಯೊಂದು ಮುರಿದು ಹಿಂಬದಿಯ ಇಳಿಜಾರಿಗೆ ಬಿದ್ದು ಐದು ಪಟ್ಟಿ ಹರಿದವು. ಮೇಸ್ತ್ರಿ ಬಂದು, ಉಳಿದಿದ್ದ ಹೊಸ ಲಾಟಿನ ಪಟ್ಟಿಗಳನ್ನು ಹಳೆಯದರ ನಡುವೆ ಕೂಡಿಸಿ ಹೋದರು. ಬಾವಿಕಟ್ಟೆಯ ಹತ್ತಿರ ನಿಂತು ಮೇಲೆ ನೋಡಿದರೆ ಆ ಐದು ಪಟ್ಟಿ ಈಗಲೂ ಕರ್ರಗೆ ಬೇರೆಯಾಗಿ ಕಾಣುತ್ತವೆ.